ಹೊಸ ಯಂತ್ರಕ್ಕೆ ಕಂಟ್ರೋಲರ್ ಅಕ್ಕನ ಪರೀಕ್ಷೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಸ್ ಡಿಪೋ ಎದುರಿನ ಅಂಗಡಿ ಸಾಲಿನಲ್ಲಿ ಒಂದೇ ಒಂದು ಶಟರ್ ಅರ್ಧ ಎದ್ದಿದೆ. ಒಳಗೆ ಒಬ್ಬ ಹೆಂಗಸು ಮಂಡಿಯೂರಿ ಮೇಜಿನ ಕೆಳಗೆ ತಲೆ ತೂರಿಸಿ, ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಹಳೆಯ ಗೇಮ್ ಯಂತ್ರದ ವೈರುಗಳನ್ನು ಕಿತ್ತು ಹೊಸದಕ್ಕೆ ಚುಚ್ಚುತ್ತಿದ್ದಾರೆ. ಆಮೇಲೆ ಮೇಜಿನ ಮುಂದೆ ಮಾಸಿದ ಬಟ್ಟೆಯನ್ನು ಮೊದಲಿನಂತೆಯೇ ಇಳಿಬಿಡುತ್ತಾರೆ. ಕೈಯಲ್ಲಿ ಹಿಡಿದು ಆಡುವ ಎರಡು ಹೊಸ ಕಂಟ್ರೋಲರುಗಳಿಗೂ ಹಳೆಯ ರಬ್ಬರ್ ಕವರ್ ತೊಡಿಸುತ್ತಾರೆ. ಉಳಿದ ಮೂರು ಯಂತ್ರಗಳನ್ನು ಆರಿಸಿಯೇ ಇಡುತ್ತಾರೆ.

"ಹೊಸದು ಬಂದಿದೆ ಅಂದ್ರೆ ಎಲ್ಲರೂ ಆಹಾ ಅಂತಾರೆ. ಹೇಳ್ದೇ ಕೂರಿಸಿದ್ರೇನೇ ನಿಜ ಹೊರಗೆ ಬರೋದು" ಎಂದು ಬಾಯಿಂದ ಟಾರ್ಚ್ ತೆಗೆದು, ನೋಡಲು ಬಂದ ನನಗೆ ಹೇಳುತ್ತಾರೆ.

ಗಂಟೆಗಿಷ್ಟು ಎಂದು ಕೊಟ್ಟು ಟಿವಿ ಮುಂದೆ ಕೂತು ಗೇಮ್ ಆಡುವ ಪಾರ್ಲರ್ ಇದು. ನಾಲ್ಕು ಯಂತ್ರ, ನಾಲ್ಕು ಟಿವಿ, ಒಂದು ಬೆಂಚು. ನಡೆಸುವ ಇವರನ್ನು ಡಿಪೋದವರೆಲ್ಲ ಕಂಟ್ರೋಲರ್ ಅಕ್ಕ ಎಂದೇ ಕರೆಯುತ್ತಾರೆ. ಪಾರ್ಲರ್ ಶುರು ಮಾಡಿದ್ದು ಅವರ ತಮ್ಮ. ಅವನಿಗೆ ಬೇಜಾರಾಯಿತು, ಕೈಕೊಟ್ಟು ಹೋದ. ಬಟ್ಟೆ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುತ್ತಿದ್ದ ಅಕ್ಕ ಬಂದು ಗಲ್ಲಾದಲ್ಲಿ ಕೂತರು. "ಎರಡು ದಿನ ನೋಡ್ಕೊಳ್ಳೋಣ ಅಂತ ಬಂದಿದ್ದು. ಹನ್ನೊಂದು ವರ್ಷ ಆಯ್ತು. ಆ ಎರಡು ದಿನ ಇನ್ನೂ ಮುಗೀಲಿಲ್ಲ."

ಹುಡುಗರನ್ನು ಹಾಳು ಮಾಡುವ ಅಂಗಡಿ ಎಂದು ಬೀದಿಯವರು ಒಮ್ಮೆ ಬೋರ್ಡಿಗೆ ಕಲ್ಲು ತೂರಿದ್ದಾರೆ. ಶಾಲೆಯ ಹೊತ್ತಿನಲ್ಲಿ ಸಮವಸ್ತ್ರ ಹಾಕಿಕೊಂಡು ಬಂದವರನ್ನು ಅಕ್ಕ ಹೊಸ್ತಿಲಲ್ಲೇ ಬೈದು ಅಟ್ಟುವುದು ಆ ಕಲ್ಲು ತೂರಿದವರ ಕಣ್ಣಿಗೆ ಬಿದ್ದಿಲ್ಲ. ಅಂಗಡಿ ನಿಂತಿರುವುದೇ ಬೆಳಗಿನ ಜನರಿಂದ: ರಾತ್ರಿಪಾಳಿ ಮುಗಿಸಿದ ಡ್ರೈವರ್, ಕಂಡಕ್ಟರ್, ಆಸ್ಪತ್ರೆಯ ಕಾವಲುಗಾರ. ಮನೆಗೆ ಹೋಗಿ ಮಲಗುವ ಮುಂಚೆ ಅವರಿಗೆ ಒಂದು ಆಟ ಬೇಕು.

ಇವತ್ತು ಹತ್ತು ಗಂಟೆಗೆ ಕಂಪನಿಯ ಏಜೆಂಟ್ ಬರುತ್ತಾನೆ. ಹಳೆಯ ನಾಲ್ಕನ್ನೂ ಕೊಟ್ಟು ಹೊಸ ನಾಲ್ಕನ್ನು ತೆಗೆದುಕೊಳ್ಳಬೇಕು, ಇಲ್ಲವೇ ನೋಡಲು ಬಿಟ್ಟುಹೋದ ಈ ಒಂದನ್ನೂ ವಾಪಸ್ ಕೊಡಬೇಕು. ಕೊಟ್ಟ ಹಳೆಯವು ಮರಳಿ ಸಿಗುವುದಿಲ್ಲ. ಬೇಡವೆಂದರೆ, ಆಗಲೇ ಹೊಸ ಯಂತ್ರಗಳನ್ನು ತರಿಸಿರುವ ವೃತ್ತದ ದೊಡ್ಡ ಪಾರ್ಲರಿಗೆ ಸಂಜೆಯ ಹುಡುಗರು ಓಡುತ್ತಾರೆ. ಬೇಕೆಂದು ತೆಗೆದುಕೊಂಡು, ಅದು ಬೆಳಗಿನವರಿಗೆ ಒಗ್ಗದಿದ್ದರೆ ಅಂಗಡಿಯೇ ಹೋಯಿತು.

ಈ ಯಂತ್ರದ ಬಗ್ಗೆ ಬಂದ ವಿಮರ್ಶೆಗಳನ್ನು ಓದಿದರೆ ಮೈ ಉರಿಯುತ್ತದೆ. ಡಬ್ಬದ ಮೇಲಿನ ಅಂಕಿಗಳನ್ನೇ ತಿರುವಿ ಹಾಕಿ, ನೀರಿನ ಮೇಲೆ ಬೆಳಕು ಹೇಗೆ ಬೀಳುತ್ತದೆ ಎಂದು ಪುಟ ತುಂಬಿಸಿ, ಕೊನೆಗೆ 'ಮುಂದಿನ ತಲೆಮಾರಿನ ಯಂತ್ರ' ಎಂದು ಠಸ್ಸೆ ಹೊಡೆದು ಕೈತೊಳೆದುಕೊಂಡಿದ್ದಾರೆ. ಯಾರ ತಲೆಮಾರು? ರಾತ್ರಿಯಿಡೀ ಬಸ್ಸು ಓಡಿಸಿ ಬಂದವನ ಕೈಗೆ ಅದು ಹೇಗಿರುತ್ತದೆ ಎಂದು ಒಬ್ಬನಾದರೂ ಸೋಫಾ ಬಿಟ್ಟೆದ್ದು ಬಂದು ಕೇಳಿದ್ದಾನೆಯೇ? ಕೇಳುತ್ತಿರುವುದು ಕಂಟ್ರೋಲರ್ ಅಕ್ಕ ಒಬ್ಬರೇ. ಅದೂ ಬಾಯಿ ತೆರೆಯದೆ.

ಡ್ರೈವರ್ ಮತ್ತು ಕಂಡಕ್ಟರ್ ಒಟ್ಟಿಗೇ ಬರುತ್ತಾರೆ. ಡ್ರೈವರನ ಹೆಂಡತಿ ಕಂಡಕ್ಟರನ ತಂಗಿ. ಇಬ್ಬರೂ ಎಂದಿನ ಕುರ್ಚಿಗಳಲ್ಲಿ ಕೂತು ಕಾರು ರೇಸ್ ಹಾಕುತ್ತಾರೆ.

"ರಾತ್ರಿಯೆಲ್ಲ ಓಡ್ಸಿದ್ದು ಸಾಲ್ದಾ ಡ್ರೈವರಣ್ಣ?" ಬೆಂಚಿನಲ್ಲಿ ಸರದಿ ಕಾಯುತ್ತಿರುವ ಕಾವಲುಗಾರ ಕೆಣಕುತ್ತಾನೆ.

"ಇಲ್ಲಿ ಸ್ಟಾಪಿಲ್ಲ, ಹಿಂದಿಂದ ಬಯ್ಯೋರಿಲ್ಲ" ಎನ್ನುವ ಡ್ರೈವರ್, ಕಂಟ್ರೋಲರ್ ಒತ್ತಿದವನೇ ಮುಖ ಹಿಂಡುತ್ತಾನೆ. "ಇದೇನಕ್ಕಾ, ಬೆರಳಿಗೂ ಕ್ಲಚ್ ಕಟ್ಟಿದ್ದೀರಾ?"

ಒತ್ತಿದ ಬೆರಳನ್ನು ಎದುರು ತಳ್ಳುವುದು ಹೊಸ ಯಂತ್ರದ ದೊಡ್ಡ ಹೆಗ್ಗಳಿಕೆ. "ಸ್ಪ್ರಿಂಗ್ ಹಿಡ್ಕೊಂಡಿದೆ, ತಾಳಿ" ಎಂದು ಅಕ್ಕ ಸೆಟ್ಟಿಂಗಿಗೆ ಹೋಗಿ ಅದನ್ನು ಆರಿಸುತ್ತಾರೆ. ಒಂದು ಹೆಗ್ಗಳಿಕೆ ಅಲ್ಲಿಗೆ ಮುಗಿಯಿತು.

ರೇಸ್ ತೆರೆದುಕೊಳ್ಳುವಷ್ಟರಲ್ಲಿ ಒಂದು ಬನ್ನು ತಿಂದು ಮುಗಿಸುವುದು ಡ್ರೈವರನ ರೂಢಿ. ಇವತ್ತು ಪೊಟ್ಟಣ ಬಿಚ್ಚುವ ಮೊದಲೇ ಕಾರುಗಳು ಸಾಲಾಗಿ ನಿಂತಿವೆ. ಬನ್ನು ತೊಡೆಯ ಮೇಲೇ ಉಳಿಯುತ್ತದೆ. ಅಕ್ಕ ಬಗ್ಗಿ, ಮಗುವಿನ ಜ್ವರ ನೋಡುವಂತೆ, ಯಂತ್ರದ ಬೆನ್ನಿಗೆ ಅಂಗೈ ಒತ್ತುತ್ತಾರೆ. ಅವರ ಮುಖ ಅರಳುತ್ತದೆ. ಬಿಸಿಯಿಲ್ಲ. ಹಳೆಯದರ ಹಾಗೆ ಮಿಕ್ಸಿಯಂತೆ ಒದರುವುದೂ ಇಲ್ಲ.

ಆದರೆ ಕುರ್ಚಿಯಲ್ಲಿರುವ ಇಬ್ಬರೂ ತುಟಿ ಹೊಲಿದುಕೊಂಡಂತಿದ್ದಾರೆ. ದಿನವೂ ಆಟ ಮುಗಿಯುವವರೆಗೆ ಬಾಯಿ ಮುಚ್ಚದವರು. ಕಂಡಕ್ಟರ್ ಏನೋ ಹೇಳಲು ಹೊರಟು ನುಂಗಿಕೊಳ್ಳುತ್ತಾನೆ. ರೇಸ್ ಮುಗಿದದ್ದೇ ಡ್ರೈವರ್ ಎದ್ದು ಚಪ್ಪಲಿ ಹುಡುಕುತ್ತಾನೆ. "ಯಾಕೋ ಇವತ್ತು ಮಜಾ ಇಲ್ಲಕ್ಕಾ."

ಅಕ್ಕನ ಮುಖ ಇಳಿಯುತ್ತದೆ. "ಒಗ್ಗಲಿಲ್ಲ. ವಾಪಸ್ ಕಳ್ಸೋದೇ" ಎಂದು ನನ್ನ ಕಡೆ ತಿರುಗಿ ಹೇಳುತ್ತಾರೆ.

ಅಷ್ಟರಲ್ಲಿ ಕಂಡಕ್ಟರ್ ಡ್ರೈವರನ ಕಿವಿಗೆ ಬಾಗುತ್ತಾನೆ. ಪಿಸುಮಾತೇ. ಆದರೆ ಗಲ್ಲಾದವರೆಗೂ ಸ್ಪಷ್ಟವಾಗಿ ಕೇಳಿಸುತ್ತದೆ: "ತಂಗಿ ನಿನ್ನೆನೂ ಸರಿಯಾಗಿ ಊಟ ಮಾಡಿಲ್ಲ. ಮೊದ್ಲು ನೀವೇ ಮಾತಾಡ್ಸಿ."

"ಪ್ರತಿ ಸಲ ನಾನೇ ಸೋಲ್ಬೇಕಾ ಭಾವ?"

"ಮಾತಾಡ್ಸಿ ಡ್ರೈವರಣ್ಣ, ಏನೂ ಆಗಲ್ಲ" ಎಂದು ಬೆಂಚಿನಿಂದ ಕಾವಲುಗಾರ ದನಿಗೂಡಿಸುತ್ತಾನೆ.

"ನಿಮ್ಮನ್ಯಾರ್ರೀ ಕೇಳಿದ್ದು?"

"ಯಾರೂ ಕೇಳ್ಲಿಲ್ಲ. ನನಗೆ ಕೇಳಿಸ್ತು."

ಅಕ್ಕ ಬಾಯಿಗೆ ಸೆರಗು ಒತ್ತಿ ಹಿಡಿಯುತ್ತಾರೆ. ಗುಟ್ಟು ಈಗ ಹೊಳೆದಿದೆ. ಈ ಇಬ್ಬರು ಮನೆಯ ರಾಜಿ ಪಂಚಾಯಿತಿಯನ್ನೆಲ್ಲ ನಡೆಸುತ್ತಿದ್ದದ್ದು ಹಳೆಯ ಯಂತ್ರದ ಗದ್ದಲದ ಮರೆಯಲ್ಲಿ. ಹೊಸದು ಬಂದು ಆ ಮರೆಯನ್ನು ಕಿತ್ತುಹಾಕಿದೆ. ಇಷ್ಟು ವರ್ಷ ಅಂಗಡಿಯ ಶಾಪವೆಂದು ಅಕ್ಕ ಬೈದುಕೊಂಡ ಸದ್ದು ಅದು.

ಅವರು ಒಳಕೋಣೆಗೆ ಹೋಗಿ, ಧೂಳು ತಿನ್ನುತ್ತಿದ್ದ ಮೇಜಿನ ಫ್ಯಾನೊಂದನ್ನು ಹೊತ್ತು ತಂದು ಎರಡು ಕುರ್ಚಿಗಳ ಪಕ್ಕ ಇಟ್ಟು ತಿರುಗಿಸುತ್ತಾರೆ. ರೆಕ್ಕೆ ಜಾಲರಿಗೆ ಬಡಿದು ಕಟಕಟ ಎನ್ನುತ್ತದೆ. "ಸೆಖೆ ಅಲ್ವಾ. ಇನ್ನೊಂದು ಆಟ ಆಡಿ, ಇದು ನನ್ನ ಲೆಕ್ಕ" ಎನ್ನುತ್ತಾರೆ. ಕಾವಲುಗಾರ ಹೊದ್ದ ಶಾಲನ್ನು ಇನ್ನೂ ಬಿಗಿ ಮಾಡಿಕೊಳ್ಳುತ್ತಾನೆ.

ಎರಡನೇ ತಿರುವಿನ ಹೊತ್ತಿಗೆ ಇಬ್ಬರ ತಲೆಗಳೂ ಒಂದಾಗಿವೆ. ಬಾಯಿ ಆಡುತ್ತಿದೆ, ಮಾತು ಕೇಳಿಸುತ್ತಿಲ್ಲ. ಕಾವಲುಗಾರ ಬೆಂಚಿನ ಅಂಚಿಗೆ ಜರುಗಿ ಕಿವಿಯಿಟ್ಟು, ಸೋತು ಹಿಂದೆ ಒರಗುತ್ತಾನೆ. ಬನ್ನು ಅರ್ಧ ಅರ್ಧ ಹಂಚಿಹೋಗುತ್ತದೆ. ಡ್ರೈವರನ ಕಾರು ಎಲ್ಲರಿಗಿಂತ ಕೊನೆಯಲ್ಲಿದೆ. ಅವನಿಗೆ ಅದರ ಪರಿವೆಯೇ ಇಲ್ಲ. ಮೂರನೇ ಆಟಕ್ಕೆ ಅವನೇ ದುಡ್ಡು ತೆಗೆಯುತ್ತಾನೆ.

ಹತ್ತಕ್ಕೆ ಏಜೆಂಟ್ ಬರುತ್ತಾನೆ. "ಗ್ರಾಫಿಕ್ಸ್ ಹೇಗಿತ್ತಕ್ಕಾ? ನೀರಿನ ಸೀನ್ ನೋಡಿದ್ರಾ?"

"ನಾನು ಟಿವಿ ನೋಡ್ಲಿಲ್ಲಪ್ಪ. ಕೂತೋರನ್ನ ನೋಡ್ದೆ." ಸಹಿ ಹಾಕಲು ಪೆನ್ನಿಗೆ ಕೈ ಚಾಚುತ್ತಲೇ ಅಕ್ಕ ತೀರ್ಪು ಕೊಡುತ್ತಾರೆ. "ಆ ಬೆರಳು ಹಿಡ್ಕೊಳ್ಳೋದು, ನೀರು ಮಿನುಗೋದು ಎಲ್ಲ ಬರೀ ಒಡವೆ. ಆದ್ರೆ ಯಂತ್ರ ನಿಜವಾಗ್ಲೂ ಹೊಸದೇ. ಬಿಸಿ ಏರಲ್ಲ, ಅರಚಲ್ಲ, ಬನ್ನು ತಿನ್ನೋಕೂ ಬಿಡಲ್ಲ. ನಾಲ್ಕೂ ಇಳ್ಸಿ."

ಇನ್ನೇನು ಆಸೆ ಉಳಿದಿದೆ ಎಂದು ಹೊರಡುವಾಗ ಕೇಳುತ್ತೇನೆ. ಅಕ್ಕ ಉಳಿದ ಮೂರು ಟಿವಿಗಳ ಕಡೆ ನೋಡುತ್ತಾರೆ.

"ಇನ್ನೂ ಮೂರು ಫ್ಯಾನ್ ಬೇಕು. ಹೊಸದು ಬೇಡ. ಚೆನ್ನಾಗಿ ಸದ್ದು ಮಾಡೋವು ಎಲ್ಲಾದ್ರೂ ಕಂಡ್ರೆ ತಿಳ್ಸಪ್ಪ."