ಮಿರಜದ ಮೂವತ್ತು ಮೀಟರ್

ಶನಿವಾರ ಬೆಳಿಗ್ಗೆ ಬೆಳಗಾವಿಯಲ್ಲಿ ಮಿರಜ ಪ್ಯಾಸೆಂಜರ್ ಹತ್ತುವಾಗಲೇ ನನ್ನ ಎಡ ಮೊಣಕಾಲು ತಕರಾರು ಶುರುಮಾಡಿತ್ತು. ಚೀಲದಲ್ಲಿ ಒಂದು ಜೊತೆ ಬಟ್ಟೆ, ನೋವಿನ ಎಣ್ಣೆ, ಅಳತೆಯ ಟೇಪು, ಒಂದು ಸ್ಟಾಪ್‌ವಾಚು, ಒಂದು ಖಾಲಿ ಫಾರಂ ಇದ್ದವು. ನಾನು ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಪಿ.ಟಿ. ಟೀಚರ್. ನಮ್ಮಲ್ಲಿ ಫುಟ್‌ಬಾಲ್ ಆಡುವ ಹುಡುಗಿಯರಿಗೆ ಹಾಸ್ಟೆಲ್ ಇದೆ. ಊಟ, ಓದು, ಆಟ ಎಲ್ಲ ಪುಕ್ಕಟೆ. ಈ ವರ್ಷ ಉಳಿದಿದ್ದದ್ದು ಒಂದೇ ಸೀಟು, ಅದನ್ನು ಗಡಿಯಾಚೆಯ ಕನ್ನಡ ಮನೆಯ ಹುಡುಗಿಗೆ ಕೊಡಬೇಕೆಂದು ಆಡಳಿತದವರ ಅಪ್ಪಣೆ. ಹುಡುಕಿ ತರುವ ಕೆಲಸ ಎಂದಿನಂತೆ ನನ್ನ ತಲೆಗೆ ಬಂತು. ಫಾರಂ ಮೇಲೆ ಆರಿಸಲು ಹೋದವರ ಸಹಿ ಬಿದ್ದರೆ ಮುಗಿಯಿತು, ಆಮೇಲೆ ಯಾರೂ ಬದಲಾಯಿಸುವಂತಿಲ್ಲ.

ರೈಲು ಬಿಡುವ ಮೊದಲೇ ನಮ್ಮ ಕೋಚ್ ಫೋನ್ ಮಾಡಿದ. ನನಗಿಂತ ಇಪ್ಪತ್ತು ವರ್ಷ ಚಿಕ್ಕವನು, ಸರ್ಟಿಫಿಕೇಟು ಮಾತ್ರ ನನಗಿಂತ ಇಪ್ಪತ್ತು ಹೆಚ್ಚು. “ಟೀಚರ್, ಮೂವತ್ತು ಮೀಟರ್ ಐದು ಸೆಕೆಂಡಿನೊಳಗ ಓಡೋಳನ್ನ ತರ್ರಿ. ಚೆಂಡಿನ ಆಟ ನಾ ಕಲಸ್ತೀನಿ. ಓಟ ಯಾರೂ ಕಲಸಾಕ ಆಗೂದಿಲ್ಲ” ಎಂದ. ಇದೇ ಮಾತನ್ನು ನನ್ನ ಹದಿಮೂರನೆಯ ವಯಸ್ಸಿನಲ್ಲಿ ನನ್ನನ್ನು ಆರಿಸಿದವರೂ ಹೇಳಿದ್ದರು. ಅವನಿಗೆ ಹೂಂ ಅಂದು ಕಿಟಕಿ ಕಡೆ ತಿರುಗಿದೆ.

ಘಟಪ್ರಭಾದಲ್ಲಿ ಕ್ರಾಸಿಂಗ್ ಅಂತ ನಿಲ್ಲಿಸಿದರು, ರಾಯಬಾಗದಲ್ಲಿ ಯಾಕೆ ನಿಲ್ಲಿಸಿದರೆಂದು ದೇವರಿಗೇ ಗೊತ್ತು. ಸೇಂಗಾ ತಿಂದು, ಬಿಸಿಯಾಗಿದ್ದ ಬಾಟಲಿ ನೀರು ಕುಡಿದು, ಕುಡಚಿ ದಾಟಿ ಕೃಷ್ಣೆಯ ಸೇತುವೆ ಬರುವಷ್ಟರಲ್ಲಿ ನಿದ್ದೆ ಹತ್ತಿತು. ಎದ್ದಾಗ ಮಿರಜ. ಹೊರಗೆ ಮಾರ್ಚ್ ತಿಂಗಳ ಬಿಸಿಲು ನೆತ್ತಿ ಸುಡುತ್ತಿತ್ತು.

ನನ್ನನ್ನು ಕರೆಸಿದ್ದವರು ಈರಣ್ಣ ಕಾಕಾ. ಸಾಂಗಲಿಯ ಪೇಟೆಯಲ್ಲಿ ಅರಿಶಿನದ ವ್ಯಾಪಾರ, ಮನೆ ಮಿರಜದಲ್ಲಿ. ಹರೆಯದಲ್ಲಿ ಗೋಲ್‌ಕೀಪರ್ ಆಗಿದ್ದರಂತೆ. ಈಗ ಬೆಳಿಗ್ಗೆ ಸಂಜೆ ಹುಡುಗಿಯರಿಗೆ ಆಟ ಹೇಳಿಕೊಡುತ್ತಾರೆ. ಮೊದಲು ಅಂಗಡಿಗೇ ಬನ್ನಿ ಎಂದಿದ್ದರಿಂದ ಷೇರ್ ರಿಕ್ಷಾದಲ್ಲಿ ಇಪ್ಪತ್ತು ರೂಪಾಯಿ ಕೊಟ್ಟು, ಐದು ಜನರ ನಡುವೆ ಸಿಕ್ಕಿ ಸಾಂಗಲಿಗೆ ಹೋದೆ. ಪೇಟೆಯ ತುಂಬ ಅರಿಶಿನದ ಧೂಳು. ಕಾಕಾರ ಅಂಗಿಯ ಕಾಲರು, ರೆಪ್ಪೆ, ಫೋನು ಎಲ್ಲವೂ ಹಳದಿ.

“ಬರ್ರಿ ಟೀಚರ್, ಕುಂದ್ರಿ. ಭಡಂಗ ತಿನ್ರಿ” ಎಂದು ಖಾರದ ಚುರುಮುರಿಯ ತಟ್ಟೆ ಮುಂದೆ ಸರಿಸಿದರು. ಆಮೇಲೆ ದನಿ ತಗ್ಗಿಸಿದರು. “ಇಬ್ಬರದಾರ ನೋಡ್ರಿ. ಖಂಡೇರಾಜುರಿ ಊರಿನ ಪೂಜಾ, ಮಾಧವನಗರದ ಸಾನಿಕಾ. ಒಬ್ಬಾಕಿ ಗಾಳಿ. ಇನ್ನೊಬ್ಬಾಕಿ ಹೆಂಗಂತ ನಾ ಹೇಳೂದಿಲ್ಲ, ನೀವs ನೋಡ್ರಿ. ಆದ್ರ ಸಾನಿಕಾನ ಅಪ್ಪ ಹಟ ಹಿಡದಾನ. ಈ ಸೀಟ್ ಸಿಕ್ಕರ ಆಡ್ಲಿ, ಇಲ್ಲಂದ್ರ ನಾಳಿಂದ ಆಟ ಬಂದ್ ಅಂತಾನ.”

ಮೂವತ್ತು ವರ್ಷದಲ್ಲಿ ಇಂಥ ಅಪ್ಪಂದಿರನ್ನು ಎಷ್ಟು ಕಂಡಿದ್ದೇನೋ. ಸಿಟ್ಟು ಕೂಡ ಬರಲಿಲ್ಲ. ಚಹಾ ಕುಡಿದು ಎದ್ದೆ.

ಸಂಜೆ ಐದಕ್ಕೆ ಮಿರಜದ ಮೈದಾನದಲ್ಲಿ ಟೇಪು ಹಾಸಿದೆ. ಮೈದಾನ ಅಂದರೆ ಹುಲ್ಲಿಗಿಂತ ಕಲ್ಲು ಜಾಸ್ತಿ. ಹದಿನಾಲ್ಕು ಹುಡುಗಿಯರು ಸಾಲಾಗಿ ನಿಂತಿದ್ದರು. ಪೂಜಾ ಓಡಿದಳು: ನಾಲ್ಕು ಪಾಯಿಂಟ್ ಏಳು. ನಾನು ವಾಚನ್ನು ಎರಡು ಸಲ ನೋಡಿದೆ. ಆಮೇಲೆ ಬೇರೆ ಹುಡುಗಿಯರು ಓಡಿದರು, ಸಾನಿಕಾ ಕೊನೆಗೆ. ಐದು ಪಾಯಿಂಟ್ ಆರು. ಅವಳು ಓಡುವಾಗ ಪಾದ ನೆಲಕ್ಕೆ ಚಪ್ಪಚಪ್ಪ ಬಡಿಯುತ್ತಿತ್ತು.

“ಹೀಗೇನಮ್ಮಾ ಓಡೋದು?” ಎಂದೆ. ಅವಳು ತಲೆ ತಗ್ಗಿಸಿ, ಹೌದು ಎನ್ನುವುದಕ್ಕೆ “ಹೋ” ಅಂದಳು. ಮನೆ ಕನ್ನಡದ್ದೇ, ಅವಳಿಗೆ ಅರ್ಥವೂ ಆಗುತ್ತದೆ; ಬಾಯಿಗೆ ಬರುವುದು ಮಾತ್ರ ಮರಾಠಿ. ರಾತ್ರಿ ಕಾಕಾರ ಮನೆಯಲ್ಲಿ ಜೋಳದ ರೊಟ್ಟಿ, ಝುಣಕಾ ತಿಂದು ಮೊಣಕಾಲಿಗೆ ಎಣ್ಣೆ ತಿಕ್ಕುತ್ತ, ಕೆಲಸ ಮುಗಿಯಿತು, ಪೂಜಾ ಎಂದು ಬರೆದರಾಯಿತು ಅಂದುಕೊಂಡೆ. ಸುಳ್ಳು ಯಾಕೆ, ಬೇಗ ಮುಗಿಯಿತಲ್ಲ ಅಂತ ನೆಮ್ಮದಿಯೇ ಆಯಿತು.

ಭಾನುವಾರ ಬೆಳಿಗ್ಗೆ ಏಳಕ್ಕೆ ಅವರವರಲ್ಲೇ ಎರಡು ತಂಡ ಮಾಡಿ ಪಂದ್ಯ ಆಡಿಸಿದರು. ಮೊದಲರ್ಧ ಪೂಜಾ ಆಡಿದಳು, ಸಾನಿಕಾ ಗೆರೆಯಾಚೆ ಕೂತಿದ್ದಳು. ಪೂಜಾಗೆ ಚೆಂಡು ಸಿಕ್ಕರೆ ಹಿಂದೆ ಯಾರಿದ್ದಾರೆ, ಪಕ್ಕದಲ್ಲಿ ಯಾರಿದ್ದಾರೆ ಯಾವುದೂ ಬೇಕಿಲ್ಲ; ಮುಂದಕ್ಕೆ ಒದ್ದು ಅದರ ಹಿಂದೆ ಓಡುವುದೇ. ನಾನೂ ಹಾಗೇ ಓಡುತ್ತಿದ್ದೆ. ಹದಿನೇಳಕ್ಕೆ ಮೊಣಕಾಲು ತಿರುಚಿತು, ಓಟ ಹೋಯಿತು. ಓಟ ಹೋದ ಮೇಲೆ ನನ್ನ ಕಾಲಿನಲ್ಲಿ ಹೇಳಿಕೊಳ್ಳುವಂಥದ್ದು ಏನೂ ಉಳಿದಿರಲಿಲ್ಲ. ಆರಿಸಿದವರು ಆಮೇಲೆ ನನ್ನ ಹೆಸರನ್ನೂ ಕೇಳಲಿಲ್ಲ.

ಎರಡನೇ ಅರ್ಧಕ್ಕೆ ಸಾನಿಕಾ ಎದ್ದಳು, ಪೂಜಾ ಕೂತಳು. ನನಗೆ ರೇಗಿತು. “ಇಬ್ಬರನ್ನೂ ಒಟ್ಟಿಗೆ ನೋಡಬೇಕು ಕಾಕಾ. ಒಬ್ಬಳನ್ನು ಬಚ್ಚಿಟ್ಟು ಒಬ್ಬಳನ್ನು ತೋರಿಸಿದರೆ ನಾನು ಏನಂತ ಆರಿಸಲಿ?”

“ನಮ್ಮ ಪದ್ಧತಿ ಹಂಗs ಐತ್ರಿ” ಎಂದು ಕಾಕಾ ಮೈದಾನದ ಇನ್ನೊಂದು ತುದಿ ನೋಡಿದರು.

ಅವರ ಮುಖ ನೋಡಿ ಅನುಮಾನ ಬಂತು. ಗೆರೆ ಕಡೆ ಕುಂಟುತ್ತ ಹೋದೆ. ಪೂಜಾ ಕೂತು ಬೂಟು ಬಿಚ್ಚುತ್ತಿದ್ದಳು. ಸಾನಿಕಾ ಅವಳು ಆಗಲೇ ಬಿಚ್ಚಿಟ್ಟ ಇನ್ನೊಂದು ಬೂಟಿನ ತುದಿಗೆ ಹಳೆಯ ಬನಿಯನ್ನಿನ ತುಂಡು ತುರುಕುತ್ತಿದ್ದಳು. ಇಬ್ಬರ ನಡುವೆ ಇದ್ದದ್ದು ಒಂದೇ ಜೊತೆ, ಅದೂ ಪೂಜಾಳ ಅಳತೆಯದು. ನಿನ್ನೆ ಓಡಿದ್ದೂ ಅದರಲ್ಲೇ. ಸಾನಿಕಾಳ ಪಾದಕ್ಕೆ ಅದು ಎರಡು ಬೆರಳು ದೊಡ್ಡದು.

“ಅಕಿ ಬೂಟು ಹೋದ ತಿಂಗಳು ಹರದಾವ್ರಿ” ಎಂದರು ಹಿಂದೆ ಬಂದ ಕಾಕಾ. “ನಾ ಕೊಡಸ್ತೀನಿ ಅಂದೆ. ಅವ್ರಪ್ಪ ಬ್ಯಾಡಂದ.”

“ನನಗೆ ಒಂದು ಮಾತು ಹೇಳಬಾರದಿತ್ತೇ?”

“ನೀವs ಕಾಗದದಾಗ ಬರದೀರಲ್ರಿ, ಬೂಟಿಲ್ಲದವರನ್ನ ನೋಡೂದಿಲ್ಲ ಅಂತ. ಮತ್ತ, ದೂರದಿಂದ ಬಂದವರ ಮುಂದ ನಮ್ಮ ಹುಡಿಗ್ಯಾರಿಗೆ ಬೂಟಿಲ್ಲ ಅಂತ ಹೆಂಗ ಹೇಳೂದ್ರಿ?”

ಆ ಕಾಗದ ನಾನೇ ಬರೆದದ್ದು. ವರ್ಷಾ ವರ್ಷ ತಾರೀಖು ಬದಲಾಯಿಸಿ ಅದನ್ನೇ ಕಳಿಸುತ್ತೇನೆ, ಒಳಗೇನಿದೆ ಎಂದು ಓದಿ ಎಷ್ಟು ಕಾಲವಾಯಿತೋ. ನಾಚಿಕೆಯಾಯಿತು.

ಸಾನಿಕಾ ಆಡಿದಳು. ಚೆಂಡು ಬರುವ ಮೊದಲೇ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳಿ ನೋಡುತ್ತಿದ್ದಳು. ಅಂಥ ಸಡಿಲ ಬೂಟಿನಲ್ಲೂ ಚೆಂಡು ಅವಳ ಪಾದದಿಂದ ಒಂದು ಗೇಣು ಆಚೆ ಹೋಗಲಿಲ್ಲ. ಒಮ್ಮೆ ತನ್ನ ಕಡೆ ಬಂದ ಚೆಂಡನ್ನು ಮುಟ್ಟದೆ ಕಾಲುಗಳ ನಡುವೆ ಬಿಟ್ಟಳು; ಹಿಂದಿನಿಂದ ಓಡಿ ಬಂದ ಹುಡುಗಿ ಅದನ್ನು ಗೋಲಿಗೆ ಒದ್ದಳು. ಹಿಂದೆ ಬರುತ್ತಿದ್ದವಳನ್ನು ಇವಳು ಯಾವಾಗ ನೋಡಿದಳೋ! ಇದನ್ನು ನಾನು ಮೂವತ್ತು ವರ್ಷ ಕಲಿಸಲು ಹೆಣಗಿದ್ದೇನೆ, ಕಲಿತವರು ಕೈಬೆರಳಿನಷ್ಟು ಜನ.

ಆಟ ಮುಗಿದಾಗ ಪೂಜಾ ತಾನಾಗಿ ಬಂದಳು. “ಟೀಚರ್, ಅಕಿನ್ನ ಬೂಟಿಲ್ದ ಇನ್ನೊಮ್ಮೆ ಓಡಸ್ರಿ. ನಾನೂ ಹಂಗs ಓಡ್ತೀನಿ. ಆವಾಗ ಬರೋಬರಿ ಆಕ್ಕೈತಿ.”

ಇಬ್ಬರೂ ಬರಿಗಾಲಲ್ಲಿ ಓಡಿದರು. ಪೂಜಾ ಮತ್ತೆ ನಾಲ್ಕು ಪಾಯಿಂಟ್ ಏಳು, ಸಾನಿಕಾ ಐದು ಪಾಯಿಂಟ್ ಎರಡು. ಬೂಟಿನ ತಪ್ಪು ಸ್ವಲ್ಪವಿತ್ತು, ಎಲ್ಲವೂ ಅಲ್ಲ. ಹುಡುಗಿ ನಿಧಾನವೇ. ಕೋಚ್ ಕೇಳಿದ ಐದರೊಳಗೆ ಬರಲಿಲ್ಲ. ಫಾರಂ ತೊಡೆಯ ಮೇಲಿಟ್ಟುಕೊಂಡು ಕಲ್ಲಿನ ಮೇಲೆ ಎಷ್ಟೋ ಹೊತ್ತು ಕೂತೆ. ಓಟವನ್ನು ಬಿಟ್ಟು ಆಟವನ್ನು ಆರಿಸಿ, ನನ್ನ ಹಳೆಯ ಮೊಣಕಾಲಿನ ಸೇಡನ್ನು ಪೂಜಾಳ ಮೇಲೆ ತೀರಿಸಿಕೊಳ್ಳುತ್ತಿದ್ದೇನೆಯೇ ಎಂದು ಅನುಮಾನವಾಯಿತು. ಈಗಲೂ ಅದು ಪೂರ್ತಿ ಹೋಗಿಲ್ಲ. ಕೊನೆಗೆ ಸಾನಿಕಾ ಎಂದು ಬರೆದೆ, ಎದುರಿಗೆ ಐದು ಪಾಯಿಂಟ್ ಎರಡು ಎಂದೇ ಬರೆದೆ, ಸಹಿ ಹಾಕಿದೆ.

ಹೇಳಿದಾಗ ಸಾನಿಕಾ ನಗಲಿಲ್ಲ, ಪೂಜಾಳ ಮುಖ ನೋಡಿದಳು.

“ನಂದು ಇಲ್ಲೇನ್ರಿ?” ಎಂದಳು ಪೂಜಾ.

“ಮುಂದಿನ ವರ್ಷ ನೋಡೋಣ ಮಗಾ.”

“ಜೂನಿಗೆ ನಂಗ ಹದಿಮೂರು ತುಂಬತೈತ್ರಿ.”

ಹದಿಮೂರು ತುಂಬಿದವರಿಗೆ ನಮ್ಮಲ್ಲಿ ಪ್ರವೇಶವಿಲ್ಲ. ಅದೂ ಆ ಕಾಗದದಲ್ಲೇ ಇದೆ. ನಾನು ಅವಳ ಬೆನ್ನು ಸವರಿದೆ, ಅಷ್ಟೇ. ಬಂದ ರಿಕ್ಷಾ ಹತ್ತಿ ಸ್ಟೇಷನ್ನಿಗೆ ಹೊರಟುಬಿಟ್ಟೆ. ಪಲಾಯನವೇ ಅನ್ನಿ.

ರೈಲು ಹೊರಡುವ ಹೊತ್ತು. ಕಿಟಕಿ ಪಕ್ಕ ಕೂತು ಕಣ್ಣು ಮುಚ್ಚಿದ್ದೆ. “ಟೀಚರ್! ಟೀಚರ್!” ಎಂದು ಯಾರೋ ಪ್ಲಾಟ್‌ಫಾರ್ಮಿನ ಮೇಲೆ ಬೋಗಿಯಿಂದ ಬೋಗಿಗೆ ಕೂಗುತ್ತ ಬರುತ್ತಿದ್ದರು. ಪೂಜಾ! ಬರಿಗಾಲು, ಬೆವರು ಸುರಿಯುತ್ತಿದ್ದ ಮುಖ, ಕೈಯಲ್ಲಿ ನನ್ನ ಸ್ಟಾಪ್‌ವಾಚು. ಅದನ್ನು ಕಲ್ಲಿನ ಮೇಲೆಯೇ ಮರೆತು ಬಂದಿದ್ದೆ. ಕಿಟಕಿಯ ಸರಳಿನ ನಡುವೆ ಕೈ ತೂರಿಸಿ ಕೊಟ್ಟಳು.

“ಬಂದ್ ಮಾಡ್ರಿ, ಲಗೂನ ಬಂದ್ ಮಾಡ್ರಿ! ಮೈದಾನದಾಗ ನಾನs ಚಾಲೂ ಮಾಡೇನಿ.”

ವಾಚು ಓಡುತ್ತಿತ್ತು. ಗುಂಡಿ ಒತ್ತಿದೆ. ಏಳು ನಿಮಿಷ ಹನ್ನೆರಡು ಸೆಕೆಂಡು. ಪೇಟೆಯ ರಸ್ತೆ, ರಿಕ್ಷಾಗಳು, ಸ್ಟೇಷನ್ನಿನ ಮೆಟ್ಟಿಲು ಎಲ್ಲ ಸೇರಿ.

“ಎಷ್ಟಾತ್ರಿ? ಚಲೋ ಐತೇನ್ರಿ?”

“ಭಾಳ ಚಲೋ ಐತಿ” ಎಂದೆ. ರೈಲು ಹೊರಟಿತು. ಅವಳು ಹಿಂದೆ ಓಡಿ ಬರಲಿಲ್ಲ, ನಿಂತಲ್ಲೇ ಸೊಂಟದ ಮೇಲೆ ಕೈಯಿಟ್ಟು ಉಸಿರು ಬಿಡುತ್ತಿದ್ದಳು.

ಸೇತುವೆ ದಾಟುವಾಗ ಕೋಚನ ಫೋನು ಬಂತು. ಫಾರಂನ ಫೋಟೋ ಕಳಿಸಿದ್ದೆ. “ಐದು ಪಾಯಿಂಟ್ ಎರಡು? ಏನ್ ಟೀಚರ್ ಇದು? ಅಲ್ಲಿ ಓಡೋರು ಯಾರೂ ಇರಲಿಲ್ಲೇನು?”

“ಇದ್ದಳು” ಎಂದೆ. ಪೂಜಾ, ಖಂಡೇರಾಜುರಿ ಎಂದು ಹೆಸರು ಊರು ಎರಡನ್ನೂ ಹೇಳಿದೆ. ರೈಲಿನ ಸದ್ದಿಗೆ ಕೇಳಿಸಲಿಲ್ಲವೋ, ಬೇಕಿರಲಿಲ್ಲವೋ, ಅವನು ಬೇರೆ ಮಾತು ತೆಗೆದ. ನಾನು ಇನ್ನೊಮ್ಮೆ ಹೇಳಿದೆ.