ಅಮ್ಮನ ನೆತ್ತಿ

ಅಮ್ಮ ಕೃಷ್ಣರಾಜ ಮಾರುಕಟ್ಟೆಯಿಂದ ಸೊಪ್ಪಿನ ಬುಟ್ಟಿ ಹೊತ್ತು ತಂದು, ಚಾಮರಾಜಪೇಟೆಯ ಬೀದಿಗಳಲ್ಲಿ ಮಾರಿ ನಮ್ಮಿಬ್ಬರನ್ನು ಓದಿಸಿದಳು. ಅಣ್ಣ ಸರ್ಕಾರಿ ಗುಮಾಸ್ತನಾದ, ನಾನು ಡ್ರಾಯಿಂಗ್ ಟೀಚರ್ ಆದೆ. ಬುಟ್ಟಿಯ ಅಡಿಗಿಡುವ ಬಟ್ಟೆಯ ಸಿಂಬಿ ಉಜ್ಜಿ ಉಜ್ಜಿ ಅಮ್ಮನ ನೆತ್ತಿಯ ಕೂದಲು ಸವೆದುಹೋಗಿತ್ತು.

ಎಂಬತ್ತರ ದಶಕದ ಶುರುವಿನಲ್ಲಿ ಅವಳು ತೀರಿಕೊಂಡಾಗ, ಮಹಾಲಯ ಅಮಾವಾಸ್ಯೆಗೆ ಮುಂದಿಟ್ಟು ಎಡೆ ಹಾಕಲು ಮನೆಯಲ್ಲಿ ಒಂದು ಫೋಟೋ ಕೂಡ ಇರಲಿಲ್ಲ.

"ನೀನೇ ಬರಿ" ಅಂದ ಅಣ್ಣ. "ರೇಷ್ಮೆ ಸೀರೆ ಉಡ್ಸು, ಕಾಸಿನ ಸರ ಹಾಕು, ತಲೆ ತುಂಬ ಕೂದಲಿರ್ಲಿ. ಇರೋದನ್ನೆಲ್ಲ ಬರೀಬೇಕು ಅಂತೇನಿಲ್ಲ. ಆಫೀಸಿನೋರು ಊಟಕ್ಕೆ ಬರ್ತಾರೆ."

ಇರುವುದನ್ನೆಲ್ಲ ಬರೆಯಬಾರದೆಂದು ನನಗೇನು ಅವನು ಹೇಳಿಕೊಡಬೇಕೆ? ಸೀರೆಯ ಅಂಚು ಬಿಟ್ಟೆ, ಹಿಂದಿನ ಗೋಡೆ ಬಿಟ್ಟೆ, ಮುಖದ ಸುಕ್ಕುಗಳನ್ನೂ ಅರ್ಧಕ್ಕರ್ಧ ಬಿಟ್ಟೆ. ನೆತ್ತಿಯನ್ನು ಮಾತ್ರ ಬಿಡಲಿಲ್ಲ. ತಲೆ ತಗ್ಗಿಸಿ ಸೊಪ್ಪಿನ ಕಟ್ಟು ಕಟ್ಟುವಾಗ ಕಾಣುತ್ತಿದ್ದ ಆ ಬೋಳು ಜಾಗ, ಅದರಲ್ಲಿ ಅಲ್ಲೊಂದು ಇಲ್ಲೊಂದು ಉಳಿದ ಕೂದಲು, ಎಲ್ಲವನ್ನೂ ಸಣ್ಣ ಕುಂಚದಲ್ಲಿ ಬರೆದೆ. ಆ ಕೂದಲು ಉದುರದೆ ಅಣ್ಣನಿಗೆ ಆಫೀಸಿನ ಕುರ್ಚಿ ಸಿಗುತ್ತಿರಲಿಲ್ಲ.

ಚೌಕಟ್ಟು ಹಾಕಿಸುತ್ತೇನೆಂದು ಚಿತ್ರ ಒಯ್ದ ಅಣ್ಣ, ಅದನ್ನು ಅಂಗಡಿ ಬೋರ್ಡ್ ಬರೆಯುವವನ ಕೈಗೆ ಕೊಟ್ಟಿದ್ದ. ಅಮಾವಾಸ್ಯೆಯ ದಿನ ಗೋಡೆಯ ಮೇಲಿದ್ದ ಅಮ್ಮನಿಗೆ ದಟ್ಟ ಕಪ್ಪು ಕೂದಲು, ಕೊರಳಲ್ಲಿ ಕಾಸಿನ ಸರ. ಬಣ್ಣ ಇನ್ನೂ ಹಸಿಯಾಗಿತ್ತು.

ಅಮ್ಮನ ಜೊತೆ ಸೊಪ್ಪು ಮಾರುತ್ತಿದ್ದ ಅಜ್ಜಿ ಊಟಕ್ಕೆ ಬಂದವಳು ಚಿತ್ರಕ್ಕೆ ಕೈಮುಗಿದು, ಮೆಲ್ಲಗೆ ನನ್ನನ್ನು ಕೇಳಿದಳು: "ಇವ್ರು ಯಾರವ್ವ? ನಿಮ್ಮಮ್ಮನ್ನ ಎಲ್ಲಿಟ್ಟಿದೀರ?"

ನನಗೆ ಮೈಯೆಲ್ಲ ಉರಿದುಹೋಯಿತು. ಟರ್ಪೆಂಟೈನ್ ಬಾಟಲಿ, ಹಳೇ ಬಟ್ಟೆ ತಂದು, ಆಫೀಸಿನವರ ಎದುರಿಗೇ ಕುರ್ಚಿ ಹತ್ತಿ ಒರೆಸಿದೆ. ಸರ ಹೋಯಿತು, ಕೂದಲೂ ಹೋಯಿತು. ಎಂದೋ ಒಣಗಿದ್ದ ನನ್ನ ಬಣ್ಣ ಅಲ್ಲಲ್ಲಿ ಮಸುಕಾದರೂ ಉಳಿಯಿತು.

"ಮಾನ ಕಳೀಬೇಡ, ಇಳಿಯೇ ಕೆಳಗೆ" ಅಣ್ಣ ಹಲ್ಲು ಕಚ್ಚಿಕೊಂಡು ಅಂದ. "ನೋಡ್ದೋರು ಏನಂದ್ಕೋತಾರೆ?"

"ಬುಟ್ಟಿ ಹೊತ್ತು ಮಕ್ಕಳನ್ನ ಸಾಕಿದ್ಲು ಅಂದ್ಕೋತಾರೆ. ಅಂದ್ಕೊಳ್ಲಿ ಬಿಡು."

ಅಜ್ಜಿ ಹತ್ತಿರ ಬಂದು ಚಿತ್ರವನ್ನು ಮತ್ತೊಮ್ಮೆ ನೋಡಿದಳು. ಸೆರಗು ಸರಿಸಿ ತನ್ನ ನೆತ್ತಿಯನ್ನು ಮುಟ್ಟಿಕೊಂಡಳು.

ಅಂದಿನಿಂದ ಪ್ರತಿ ಮಹಾಲಯ ಅಮಾವಾಸ್ಯೆಗೂ ಅಣ್ಣ ದಪ್ಪನೆಯ ಸೇವಂತಿಗೆ ಹಾರ ತಂದು, ಅಮ್ಮನ ನೆತ್ತಿ ಮುಚ್ಚುವ ಹಾಗೆ ಹಾಕುತ್ತಾನೆ. ಅವನ ಕಣ್ಣೆದುರಿಗೇ ನಾನು ಅದನ್ನು ಪಕ್ಕಕ್ಕೆ ಸರಿಸುತ್ತೇನೆ.