ಬಸಮ್ಮ ದೊಡ್ಡವ್ವನ ಹಿಂಬಾಗಿಲು

ಸಂದಿಯಲ್ಲಿ ತಗಡು ಇತ್ತು, ದೊಡ್ಡವ್ವ. ನಾನೇ ಹಚ್ಚಿದ್ದೆ, ನಾನೇ ಕಿತ್ತೆ. ಆಮೇಲೆ ಎಲ್ಲರ ಎದುರು ಅದು ಇರಲೇ ಇಲ್ಲ ಎಂದೆ. ನಿಮಗೆ ಓದು ಬಾರದು, ಈ ಕಾಗದವನ್ನು ನಾನೇ ಬಂದು ಓದಿ ಹೇಳಬೇಕು.

ದೇವದುರ್ಗದ ಈ ಓಣಿಯಲ್ಲಿ ನಮ್ಮಿಬ್ಬರ ಮನೆಗಳ ನಡುವೆ ಒಬ್ಬರು ನಡೆಯುವಷ್ಟು ಸಂದಿ. ನಿಮ್ಮ ಅಡುಗೆಮನೆಯ ಹಿಂಬಾಗಿಲು ತೆರೆಯುವುದು ಅಲ್ಲಿಗೇ. ಮಸರಕಲ್ಲಿನ ಹೊಲದ ಹತ್ತಿ ಇಡಲು ನಾನು ಹಿತ್ತಲಲ್ಲಿ ಶೆಡ್ ಕಟ್ಟುವಾಗ ಪುರಸಭೆಯ ಎಂಜಿನಿಯರ್ ಪರವಾನಗಿ ಕೊಟ್ಟದ್ದು ಒಂದೇ ಷರತ್ತಿನ ಮೇಲೆ: ಸಂದಿ ತೆರೆದೇ ಇರಬೇಕು. ಒಪ್ಪಿದೆ. ಆದರೆ ರೇಟು ಏರಲಿ ಎಂದು ಎಲ್ಲರಂತೆ ನಾನೂ ಮಾರದೆ ಕೂತೆ. ಶೆಡ್ ತುಂಬಿ ಹತ್ತಿ ಹೊರಗೆ ಉಕ್ಕಿತು. ಆಡುಗಳು ಬಾಯಿ ಹಾಕದಿರಲೆಂದು ಸಂದಿಗೆ ತಗಡು ಅಡ್ಡ ಇಟ್ಟು ಕಲ್ಲು ಆನಿಸಿದೆ. ಹೊರಕ್ಕೆ ತೆರೆಯುವ ನಿಮ್ಮ ಬಾಗಿಲಿಗೂ ಅದೇ ಅಡ್ಡ.

“ನನ್ನ ಬಾಗ್ಲಾನ ಮುಚ್ಚಿಬಿಟ್ಟಿಯಲ್ಲೋ ತಮ್ಮಾ. ನಾ ಏನ್ ಬೆಕ್ಕಿನಂಗ ಮಾಳಿಗಿ ಹತ್ತಿ ಇಳೀಲೇನು?” ಎಂದಿರಿ.

“ನಾಕ್ ದಿನ ತಡೀರಿ ದೊಡ್ಡವ್ವ, ಹತ್ತಿ ಮಾರಿದ ಕೂಡ್ಲೇ ತಗೀತೀನಿ,” ಎಂದು ನಕ್ಕೆ.

ತಗಡು ಹಾಗೇ ಉಳಿಯಿತು. ಒಂದು ಮಧ್ಯಾಹ್ನ ಶೆಡ್ಡಿನ ಬಾಗಿಲಿಗೆ ವೆಲ್ಡಿಂಗ್ ನಡೆದಿತ್ತು. ಕಿಡಿ ಸಿಡಿಯಿತು. ಹತ್ತಿ ಧಗ್ಗನೆ ಉರಿಯಲಿಲ್ಲ, ಒಳಗೊಳಗೇ ಹೊಗೆಯಾಡಿತು. ಹೊಗೆ ಕಿಟಕಿಯಿಂದ ನಿಮ್ಮ ಅಡುಗೆಮನೆಗೆ ನುಗ್ಗಿತು. ರೊಟ್ಟಿ ಬಡಿಯುತ್ತಿದ್ದ ನೀವು ಕಣ್ಣು ಕಾಣದೆ ಕೈಗೆ ಸಿಕ್ಕ ಹಿಂಬಾಗಿಲನ್ನೇ ತಳ್ಳಿದಿರಿ. ತಗಡು ಬಡಿದ ಸದ್ದು — ನನಗೆ ಕೇಳಿತ್ತೇ? ಒಮ್ಮೆ ಕೇಳಿತ್ತು ಅನಿಸುತ್ತದೆ. ಒಮ್ಮೆ, ಆ ಸದ್ದನ್ನು ಆಮೇಲೆ ನನ್ನ ಭಯವೇ ಸೇರಿಸಿತೇನೋ... ಗೊತ್ತಿಲ್ಲ. ಗೊತ್ತಿರುವುದು ಇಷ್ಟು: ಎಚ್ಚರ ತಪ್ಪಿದ್ದ ನಿಮ್ಮನ್ನು ಜನ ಮುಂಬಾಗಿಲಿನಿಂದ ಎತ್ತಿ ತರುವಾಗ ನಾನು ಹಿಂದೆ ಹೋಗಿ ತಗಡು ಕಿತ್ತು ಬಚ್ಚಿಟ್ಟೆ.

ಸಂಜೆ ಎಂಜಿನಿಯರ್ ಬಂದರು. ನೀವು ಕೆಮ್ಮುತ್ತಲೇ, “ಹೊರಗ ತಗಡ ಇತ್ರೀ ಸಾಹೇಬ್ರ, ದಬ್ಬಿ ದಬ್ಬಿ ಸಾಕಾತು,” ಎಂದಿರಿ. ಅವರು ನೋಡಿದರು. ಸಂದಿ ತೆರೆದಿತ್ತು. ಎಲ್ಲರೂ ನನ್ನ ಮುಖ ನೋಡಿದರು.

“ಗಾಬರಿಯೊಳಗ ಹಂಗ ಅನಸ್ತದ್ರೀ. ತಗಡ ಇದ್ದದ್ದು ಹೋದ ವರ್ಷ, ದೊಡ್ಡವ್ವ. ನೀವು ಅದನ್ನೂ ಇದನ್ನೂ ಕೂಡಿಸಾಕತ್ತೀರಿ,” ಎಂದೆ.

ನೆನಪು ಹೇಗೆ ಮೋಸ ಮಾಡುತ್ತದೆ ಎಂದು ವಿಶ್ವವಿದ್ಯಾಲಯದಲ್ಲಿ ಓದಿದ್ದೆ. ಆ ಓದು ಉಪಯೋಗಕ್ಕೆ ಬಂದದ್ದು ಹೀಗೆ. ಹೋದ ವರ್ಷ ನಿಜಕ್ಕೂ ತಗಡು ಇತ್ತೇ, ಆ ಗಳಿಗೆಯಲ್ಲಿ ಕಟ್ಟಿ ಹೇಳಿದೆನೇ — ಈಗ ಅದೂ ಖಾತ್ರಿಯಿಲ್ಲ. ನೀವು ನನ್ನನ್ನೇ ನೋಡಿ, “ಹಂಗಂತೀಯಾ? ಇರಬೇಕು ಬಿಡು,” ಎಂದಿರಿ.

ಅಂದಿನಿಂದ ವರ್ಷಗಳೇ ಕಳೆದವು. ಒಲೆ ಆರಿಸಿದ್ದೇನೋ ಇಲ್ಲವೋ ಎಂದು ನೀವು ಬೀದಿಯಿಂದ ತಿರುಗಿ ಬರುವುದನ್ನು ನೋಡುತ್ತಲೇ ಬಂದೆ. ಓಣಿಗೆಲ್ಲ ಖಡಕ್ ರೊಟ್ಟಿ ಮಾರುತ್ತಿದ್ದ ನಿಮಗೆ ಸೊಸೆ ಮಂಗಳಾ ಈಗ ಒಲೆ ಮುಟ್ಟಗೊಡುವುದಿಲ್ಲ. ಇವತ್ತು ನಮ್ಮ ಕಟ್ಟೆಯ ಮೇಲೆ ಕೂತು ಕೇಳಿದಿರಿ: “ನಾಳಿ ಮಂಗಳಾ ರಾಯಚೂರಾಗ ತಲಿ ಡಾಕ್ಟರಿಗೆ ತೋರಸ್ತಾಳಂತ. ನೀ ಓದಿದಾಂವ, ಖರೇ ಹೇಳು ತಮ್ಮಾ, ನನಗ ಅರಳು ಮರಳು ಆಗೇದೇನು?”

ನಾನು ನೀರು ತರುವ ನೆಪ ಮಾಡಿ ಒಳಗೆ ಹೋದೆ. ತಿರುಗಿ ಬರುವಷ್ಟರಲ್ಲಿ ನೀವು ಎದ್ದು ಹೋಗಿದ್ದಿರಿ.

ಪುರಸಭೆಯವರು ಶೆಡ್ ಕೆಡವಲಿ, ಓಣಿ ಉಗುಳಲಿ — ಅದಕ್ಕೂ ಹೆದರುತ್ತೇನೆ, ಸುಳ್ಳು ಹೇಳಲಾರೆ. ಆದರೆ ಅದಕ್ಕಿಂತ ದೊಡ್ಡ ಹೆದರಿಕೆ ಬೇರೆ. ನಾನು ಎಲ್ಲ ಹೇಳಿದ ಮೇಲೆಯೂ ನೀವು, “ಇಲ್ಲೋ ತಮ್ಮಾ, ತಗಡ ಇರಲಿಲ್ಲ, ನನಗ ಮರವು,” ಎಂದುಬಿಟ್ಟರೆ?

ಬೆಳಿಗ್ಗೆ ನೀವು ಬಸ್ಸಿಗೆ ಹೊರಡುವ ಮೊದಲು ಬರುತ್ತೇನೆ. ಮಂಗಳಾಳ ಎದುರೇ ಹೇಳುತ್ತೇನೆ. ನೀವು ನಂಬುವ ತನಕ ಹೇಳುತ್ತೇನೆ.